ಕಚ್ಚಾ ಹೊಲಿಗೆಯಲ್ಲಿದ್ದ ಕೋಟು

ನಮ್ಮ ಕಡೆ ಮದುವೆಯಲ್ಲಿ ವರನ ಸೂಟಿನ ಬಟ್ಟೆಯನ್ನು ಹೆಣ್ಣಿನವರೇ ಕೊಡಬೇಕು. ತೊಂಬತ್ತರ ದಶಕದ ನಡುವಿನಲ್ಲಿ ನನ್ನ ಮದುವೆ ಗೊತ್ತಾದಾಗ ಅಪ್ಪನಿಗೆ ಬಟ್ಟೆಯ ಚಿಂತೆ ಇತ್ತೇ ಹೊರತು ಹೊಲಿಗೆಯದಲ್ಲ. ವರನೇ ದರ್ಜಿಯಾಗಿದ್ದ. ಬಸವಕಲ್ಯಾಣದಲ್ಲಿ ಕೋಟೆಗೆ ಹೋಗುವ ದಾರಿಯಲ್ಲಿ ಅವರ ಅಂಗಡಿ. ವರನ ಅಪ್ಪ ಮತ್ತು ಹಿರಿಯ ಮಗ ಎದುರುಬದುರು ಕೂತು ಕೋಟು ಹೊಲಿಯುತ್ತಿದ್ದರು. ಅಂಗಿ, ಪ್ಯಾಂಟು ಯಾರಾದರೂ ಹೊಲಿದಾರು, ಕೋಟಿಗೆ ಮಾತ್ರ ಕಲ್ಯಾಣಕ್ಕೇ ಹೋಗಬೇಕು ಎಂದು ನಮ್ಮ ಹುಮನಾಬಾದಿನ ಮಂದಿಯೂ ಹೇಳುತ್ತಿದ್ದರು. ಕಿರಿಯ ಮಗ ಸೂಜಿ ಹಿಡಿದವನಲ್ಲ. ಲಾರಿಗಳಿಗೆ ಬಾಡಿ ಕಟ್ಟುವ ಕಾರ್ಖಾನೆಯಲ್ಲಿ ವೆಲ್ಡಿಂಗ್ ಮಾಡುತ್ತಿದ್ದ. ನನ್ನ ಮದುವೆ ಗೊತ್ತಾಗಿದ್ದದ್ದು ಹಿರಿಯನ ಜೊತೆ.

ಆ ಮನುಷ್ಯನನ್ನು ನಾನು ಎರಡೇ ಸಲ ನೋಡಿದ್ದು. ಹೆಣ್ಣು ನೋಡಲು ಬಂದಾಗ ನಾನು ತಲೆ ಎತ್ತಲಿಲ್ಲವಾದ್ದರಿಂದ ಅವನ ಮಂಡಿಗಳನ್ನು, ಮಂಡಿಯ ಮೇಲಿದ್ದ ಕೈಗಳನ್ನು ನೋಡಿದೆ. ಎಡಗೈ ಬೆರಳಿನ ತುದಿ ಗಟ್ಟಿಯಾಗಿ ಹೊಳೆಯುತ್ತಿತ್ತು. ಎರಡನೆಯ ಸಲ ಹುಮನಾಬಾದಿನ ಬಟ್ಟೆ ಅಂಗಡಿಯಲ್ಲಿ. ಸೂಟಿನ ಬಟ್ಟೆ ಆರಿಸಲು ಅವನು ಬಸ್ಸಿಗೆ ಬಂದಿದ್ದ. ನನ್ನ ಸೀರೆಗಳನ್ನೂ ಅಂದೇ ತರುವುದೆಂದು ಅವ್ವ ನನ್ನನ್ನು ಚಿಗವ್ವನ ಜೊತೆ ಕಳಿಸಿದ್ದಳು. ಹಾಗಾಗಿ ಒಂದೇ ಗಾದಿಯ ಎರಡು ತುದಿಗಳಲ್ಲಿ ಕೂತೆವು.

ಅಂಗಡಿಯವನು ಬಟ್ಟೆಯ ಥಾನುಗಳನ್ನು ಬಿಚ್ಚಿ ಬಿಚ್ಚಿ ಹಾಸಿದ. ವರ ಪ್ರತಿಯೊಂದನ್ನೂ ಮುಷ್ಟಿಯಲ್ಲಿ ಹಿಂಡಿ, ಬಿಟ್ಟು, ನಿರಿಗೆ ಹೋಗುತ್ತದೆಯೇ ಎಂದು ನೋಡುತ್ತಿದ್ದ. ಆಮೇಲೆ ಚಿಗವ್ವನ ಕಡೆ ತಿರುಗಿದ.

"ಬಂದ್ ಕಾಲರ್ ಹೊಲಿಲೋ, ತೆರದ ಕಾಲರ್ ಹೊಲಿಲೋ? ನೀವೇ ಹೇಳ್ರಿ."

"ನನಗೇನ್ ತಿಳಿತದಪ್ಪಾ," ಎಂದಳು ಚಿಗವ್ವ. "ನಮ್ಮ ಮುತ್ಯಾ ಶೇರ್ವಾನಿ ಹಾಕೊಂತಿದ್ದ, ಅಷ್ಟೇ ನಾ ನೋಡಿದ್ದು."

ಅವನು ನಕ್ಕ. "ಎಲ್ಲಾ ಒಂದೇ ಮನಿತನದ್ದು ಅತ್ತಿ. ಮದಲ ಇಂಗ್ಲಿಷರ ಕೋಟೂ ಕುತ್ತಿಗಿ ತನಕ ಬಂದೇ ಇತ್ತಂತ. ಸಿಪಾಯಿಗಳ ಕೋಟ. ಡ್ಯೂಟಿ ಮುಗದ ಮ್ಯಾಲ ಸೆಕಿ ತಡಿಲಾರದ ಮ್ಯಾಲಿನ ಗುಂಡಿ ಬಿಚ್ಚಿ, ಎದಿ ಮ್ಯಾಲ ಹಿಂದಕ್ಕ ಮಡಚಿಕೊಂಡ್ರು. ಅದೇ ಚಂದ ಕಾಣ್ತು. ಹಂಗೇ ಇಸ್ತ್ರಿ ಹೊಡದ್ರು." ಗೋಡೆಗೆ ತೂಗುಹಾಕಿದ್ದ ಸಿದ್ಧ ಕೋಟೊಂದರ ಎದೆಯ ಮಡಿಕೆಯನ್ನು ಎತ್ತಿ ತೋರಿಸಿದ. "ಇಲ್ಲಿ ತೂತ ಕಾಣ್ತದಲ್ಲ, ಅದು ಆಗಿನ ಕಾಜಾ. ಗುಂಡಿ ಹೋಗ್ಯದ, ಕಾಜಾ ಉಳದದ. ಈಗ ಮಂದಿ ಗುಲಾಬಿ ಹೂವಾ ಸಿಗಸ್ತಾರ."

ಹೇಳಿ ಮುಗಿಸಿ ನೇರ ನನ್ನನ್ನೇ ಕೇಳಿದ. "ನಿಮಗ ಯಾವುದು ಚಲೋ ಅನಸ್ತದ್ರಿ?"

ಚಿಗವ್ವ ಮೊಣಕೈಯಿಂದ ತಿವಿದಳು. ತೆರೆದದ್ದು ಎಂದೆ. ಬಣ್ಣ ಕೇಳಿದ. ಕಪ್ಪಿಗೆ ಹತ್ತಿರವಾದ ನೀಲಿಯ ಒಂದು ಥಾನು ನನ್ನ ಕೈಗೆ ಹತ್ತಿರವಿತ್ತು, ಅದರ ಮೇಲೆ ಬೆರಳಿಟ್ಟೆ. ನಿಜವಾಗಿ ಆ ಬಣ್ಣ ನನಗೆ ಇಷ್ಟವಿತ್ತೋ ಇಲ್ಲವೋ ಈಗ ಹೇಳಲಾರೆ. ನಾವಿಬ್ಬರೂ ಆಡಿದ ಮಾತು ಅಷ್ಟೇ.

ಮದುವೆಗೆ ಇನ್ನೂ ಒಂದು ತಿಂಗಳಿರುವಾಗ ಅವನಿಗೆ ಕಾಮಣಿಯಾಯಿತು, ಕಣ್ಣು ಹಳದಿಯಾಗಿದೆ ಎಂದು ಸುದ್ದಿ ಬಂತು. ಮೊದಲು ಯಾರೂ ಗಾಬರಿಯಾಗಲಿಲ್ಲ. ಹಳ್ಳಿಯೊಂದರಲ್ಲಿ ಸೊಪ್ಪಿನ ಔಷಧ ಕೊಡಿಸಿದರು. ಪಥ್ಯ ಹಿಡಿಸಿದರು. ಇಳಿಯಲಿಲ್ಲವೆಂದು ಸೋಲಾಪುರದ ದವಾಖಾನೆಗೆ ಒಯ್ದರು. ಅಲ್ಲಿಂದ ಅವನು ಜೀವಂತ ಬರಲಿಲ್ಲ.

ಆ ಸುದ್ದಿ ತಂದವನು ನನ್ನ ಸೋದರಮಾವ. ನಾನು ಹಿತ್ತಲಲ್ಲಿ ತೊಗರಿ ಕೇರುತ್ತಿದ್ದೆ. ಒಳಗೆ ಅವ್ವ ಅತ್ತ ಸದ್ದು ಕೇಳಿ ಎದ್ದು ಹೋಗಿ ಬಾಗಿಲಲ್ಲಿ ನಿಂತೆ. ಸೋದರಮಾವ ನನ್ನನ್ನು ನೋಡಿ ಮುಖ ತಿರುಗಿಸಿದ. ಏನಾಗಿದೆ ಎಂದು ತಿಳಿಯಿತು. ತಿರುಗಿ ಹೋಗಿ ಮೊರ ಎತ್ತಿಕೊಂಡು ಉಳಿದ ತೊಗರಿಯನ್ನೂ ಕೇರಿ ಮುಗಿಸಿದೆ. ಹೊಟ್ಟು ಒಂದು ಕಡೆ, ಕಾಳು ಒಂದು ಕಡೆ. ಅವ್ವ ಬಂದು ನನ್ನ ಕೈಯಿಂದ ಮೊರ ಕಸಿದುಕೊಳ್ಳುವವರೆಗೆ ನಿಲ್ಲಿಸಬೇಕೆಂದು ನನಗೆ ಹೊಳೆಯಲಿಲ್ಲ.

ಅಳು ಬರಲಿಲ್ಲ. ಬಂದಿದ್ದರೆ ಎಲ್ಲರಿಗೂ ಅನುಕೂಲವಾಗುತ್ತಿತ್ತು. ನನ್ನನ್ನು ಏನೆಂದು ಸಮಾಧಾನ ಮಾಡಬೇಕೆಂಬುದೇ ಓಣಿಯ ಹೆಂಗಸರಿಗೆ ತಿಳಿಯಲಿಲ್ಲ. ನಾನು ವಿಧವೆಯಲ್ಲ. ಮದುಮಗಳೂ ಅಲ್ಲ. ಒಬ್ಬಾಕೆ ಬಂದು ಕೈಯಲ್ಲಿರುವ ಹಸಿರು ಬಳೆ ಇರಬೇಕೋ ತೆಗೆಯಬೇಕೋ ಎಂದು ಕೇಳಿದಳು. ಅವ್ವ ಅವಳನ್ನು ಬೈದು ಹೊರಗೆ ಕಳಿಸಿದಳು. ಇನ್ನೊಬ್ಬಳು ಕಾಲ್ಗುಣದ ಮಾತೆತ್ತಿದ್ದು ಗೋಡೆಯಾಚೆಯಿಂದ ಕೇಳಿಸಿತು. ಅದೂ ನನಗೆ ನಾಟಲಿಲ್ಲ. ಬೇರೆ ಯಾವುದೋ ಹುಡುಗಿಯ ಬಗ್ಗೆ ಆಡುತ್ತಿದ್ದಾರೆ ಎನ್ನಿಸುತ್ತಿತ್ತು. ಎರಡು ಸಲ ನೋಡಿದ ಮನುಷ್ಯನಿಗಾಗಿ ಎಷ್ಟು ಅಳಬೇಕು, ಯಾವ ನೆನಪನ್ನು ಹಿಡಿದುಕೊಂಡು ಅಳಬೇಕು? ನನ್ನ ಬಳಿ ಇದ್ದದ್ದು ಬಟ್ಟೆ ಅಂಗಡಿಯ ಒಂದು ಮಧ್ಯಾಹ್ನ. ಉಂಡೆ, ನೀರು ತಂದೆ, ನಮ್ಮ ಕಿರಾಣಿ ಅಂಗಡಿಗೆ ಅಪ್ಪನ ಬುತ್ತಿ ಒಯ್ದೆ. ಮೈ ತನ್ನ ಪಾಡಿಗೆ ತಾನು ಕೆಲಸ ಮಾಡುತ್ತಿತ್ತು.

ಬೇಸಿಗೆ ಕಳೆದ ಮೇಲೆ ಸತ್ತವನ ಅಪ್ಪ ಒಬ್ಬರೇ ನಮ್ಮ ಅಂಗಡಿಗೆ ಬಂದರು. ಗಲ್ಲೆಯ ಮುಂದಿನ ಸ್ಟೂಲಿನ ಮೇಲೆ ಕೂತರಂತೆ. ಆಮೇಲೆ ಅಪ್ಪ ಅವರನ್ನು ಮನೆಗೆ ಕರೆತಂದ. ಒಳಮನೆಯ ಬಾಗಿಲ ಹಿಂದೆ ನಿಂತು ನಾನು ಕೇಳಿದೆ.

"ಹುಡುಗಿನ್ನ ಒಮ್ಮಿ ಸೊಸಿ ಅಂತ ಅಂದೀನ್ರಿ," ಎಂದರು ಅವರು. "ಹಂಗೇ ಮಂದಿ ಬಾಯಿಗಿ ಬಿಟ್ಟು ಕೂಡ್ರಾಕ ಮನಸಿಲ್ಲ. ಸಣ್ಣ ಮಗ ಇದ್ದಾನ. ದುಡಿತಾನ, ಚಟ ಇಲ್ಲ. ನೀವು ಹೂಂ ಅಂದ್ರ..."

"ಹುಡುಗ ಏನಂತಾನ್ರಿ?" ಅಪ್ಪ ಕೇಳಿದ.

"ಹೂಂ ಅಂದಾನ."

ಅಪ್ಪ ಒಳಗೆ ಬಂದು ನನ್ನ ಮುಂದೆ ನಿಂತ. ಅವನ ಕಣ್ಣು ಕೆಂಪಾಗಿತ್ತು. "ಏನಂತ ಹೇಳ್ಲಿ ತಂಗಿ? ನಿನಗ ಒಲ್ಲೆ ಅನಿಸಿದ್ರ ಒಲ್ಲೆ ಅಂತೀನಿ. ಜಬರ್ದಸ್ತಿ ಏನಿಲ್ಲ."

"ಹೂಂ ಅನ್ರಿ ಅಪ್ಪಾ," ಎಂದೆ.

ಯಾರೂ ನನ್ನನ್ನು ಒತ್ತಾಯಿಸಲಿಲ್ಲ. ಇದನ್ನು ಹೇಳಲೇಬೇಕು, ಏಕೆಂದರೆ ಕೇಳಿದವರೆಲ್ಲ ಒತ್ತಾಯಿಸಿರಬೇಕು ಎಂದುಕೊಳ್ಳುತ್ತಾರೆ. ಒಲ್ಲೆ ಎನ್ನುವುದಕ್ಕೂ ಒಂದಿಷ್ಟು ಕಸುವು ಬೇಕು. ಹೂಂ ಎನ್ನಲು ಏನೂ ಬೇಕಾಗಿರಲಿಲ್ಲ.

ಮದುವೆ ನಮ್ಮ ಮನೆಯ ಮುಂದೆಯೇ ಹಂದರ ಹಾಕಿ ಆಯಿತು. ಅಂತರಪಟ ಸರಿದಾಗ ನಾನು ಮೊದಲು ಕಂಡದ್ದು ಬಟ್ಟೆಯನ್ನು, ಕಪ್ಪಿಗೆ ಹತ್ತಿರವಾದ ನೀಲಿ. ಆಮೇಲೆ ತಿಳಿದ ಕಥೆ ಇದು: ಸತ್ತವನು ತನ್ನ ಮದುವೆಯ ಕೋಟನ್ನು ತಾನೇ ಕತ್ತರಿಸಿದ್ದ. ಬಿಳಿ ದಾರದಲ್ಲಿ ಉದ್ದುದ್ದ ಕಚ್ಚಾ ಹೊಲಿಗೆ ಹಾಕಿ, ಒಂದು ತೋಳು ಜೋಡಿಸಿ, ಮೈಮೇಲೆ ಹಾಕಿ ನೋಡಿದ್ದ. ಅಷ್ಟರಲ್ಲಿ ಜ್ವರ ಬಂದಿತ್ತು. ಅತ್ತೆ ಅದನ್ನು ಹೊರಗೆ ಕೊಡುವುದೂ ಬೇಡ, ಸುಡುವುದೂ ಬೇಡ ಎಂದರಂತೆ. ಮಾವನವರು ಕಿರಿಯನ ಮದುವೆಗೆ ಅದನ್ನೇ ಬಿಚ್ಚಿ, ಹಿಗ್ಗಿಸಿ ಹೊಲಿದರು. ಸತ್ತ ಮಗನ ಹೊಲಿಗೆಯನ್ನು ಒಂದೊಂದೇ ಎಳೆ ಬಿಡಿಸಿ ಇರುವ ಮಗನಿಗೆ ಕೂಡಿಸಿದರು. ಆದರೆ ವೆಲ್ಡಿಂಗ್ ಮಾಡುವವನ ಭುಜ ಬೇರೆ, ಕೂತು ಹೊಲಿಯುವವನ ಭುಜ ಬೇರೆ. ಹಿಗ್ಗಿಸಲು ಒಳಗೆ ಬಿಟ್ಟಿದ್ದ ಬಟ್ಟೆ ಸಾಲಲಿಲ್ಲ.

ಹಾರ ಹಾಕಲು ಅವನು ಕೈ ಎತ್ತಿದಾಗ ಬಗಲಲ್ಲಿ ಹೊಲಿಗೆ ಪರ್ ಎಂದಿತು. ವಾಜಂತ್ರಿಯ ಗದ್ದಲದಲ್ಲಿ ಅದು ನನಗೆ ಮಾತ್ರ ಕೇಳಿರಬೇಕು. ಅವನ ಕೈಗಳು ಅರ್ಧಕ್ಕೇ ನಿಂತವು. ನಾನು ಸೊಂಟ ಬಗ್ಗಿಸಿ, ಅವನ ಕೈ ಇದ್ದಲ್ಲಿಗೇ ತಲೆ ತಗ್ಗಿಸಿದೆ. ಹುಡುಗಿಗೆ ಎಷ್ಟು ವಿನಯ ಎಂದು ಯಾರೋ ಹಿರಿಯರು ಹೊಗಳಿದರು.

ಕಲ್ಯಾಣಕ್ಕೆ ಹೊರಟ ಜೀಪಿನಲ್ಲಿ ಅವನು ಕೋಟನ್ನು ಮಡಿಸಿ ತೊಡೆಯ ಮೇಲಿಟ್ಟುಕೊಂಡಿದ್ದ.

"ಇದು ಅಣ್ಣಂದು," ಎಂದ. "ಗೊತ್ತದ ಅಲ್ಲ?"

"ಗೊತ್ತದ."

ದಾರಿಯಲ್ಲಿ ರಾಜೇಶ್ವರ ಊರು ದಾಟುವವರೆಗೂ ಅವನು ಹರಿದ ಬಗಲನ್ನು ಒಳಗೆ ಮಾಡಿ ಕೋಟನ್ನು ಮತ್ತೆ ಮತ್ತೆ ಮಡಿಸುತ್ತಿದ್ದ.

ಆ ಮನೆಯಲ್ಲಿ ಯಾರೂ ನನ್ನನ್ನು ಕೆಟ್ಟದಾಗಿ ನಡೆಸಿಕೊಳ್ಳಲಿಲ್ಲ. ಅತ್ತೆ ಮೆಲ್ಲಗೆ ಮಾತಾಡುತ್ತಿದ್ದರು. ಗಂಡ ಬೆಳಿಗ್ಗೆ ಕಾರ್ಖಾನೆಗೆ ಹೋದರೆ ಸಂಜೆ ಅಂಗಿಯ ತುಂಬ ಕಿಡಿ ಬಿದ್ದ ತೂತುಗಳೊಂದಿಗೆ ಬರುತ್ತಿದ್ದ. ಮನೆಯ ಮುಂಭಾಗವೇ ಅಂಗಡಿ. ಅಲ್ಲಿ ಮಾವನವರು ಅಂಗಿ, ಪ್ಯಾಂಟು ಮಾತ್ರ ಹೊಲಿಯುತ್ತಿದ್ದರು. ಕೋಟು ಕೇಳಿ ಬಂದವರಿಗೆ, "ಈಗ ಬಿಟ್ಟೀನ್ರಿ," ಎಂದು ಕೈ ಮುಗಿಯುತ್ತಿದ್ದರು. ಮಗ ಕೂರುತ್ತಿದ್ದ ಮಷೀನಿನ ಮೇಲೆ ಒಂದು ಪಂಚೆ ಹೊದಿಸಿತ್ತು.

ಮಧ್ಯಾಹ್ನ ನನಗೆ ಕೆಲಸವಿರುತ್ತಿರಲಿಲ್ಲ. ಸುಮ್ಮನೆ ಕೂತರೆ ಕೂತಲ್ಲೇ ಹೊತ್ತು ಮುಳುಗಿಬಿಡುತ್ತಿತ್ತು. ಒಂದು ದಿನ ಮಾವನವರು ಒಳಗೆ ಬಂದು ಒಂದು ಅಂಗಿಯನ್ನೂ ದಾರದ ಉಂಡೆಯನ್ನೂ ನನ್ನ ಮುಂದಿಟ್ಟರು.

"ಕಾಜಾ ಹಾಕಾಕ ಬರ್ತದೇನವಾ?"

"ಬರಂಗಿಲ್ಲ ಮಾವ."

"ನನಗೂ ಹುಟ್ಟತಲೇ ಬಂದಿಲ್ಲ. ಕೂಡ್ರು ಇಲ್ಲಿ."

ಹಾಗೆ ಶುರುವಾಯಿತು. ಗುಂಡಿಯ ತೂತಿನ ಅಂಚಿಗೆ ಒತ್ತೊತ್ತಾಗಿ ದಾರ ಸುತ್ತುವುದು. ಮನಸ್ಸು ಬೇಡುವ ಕೆಲಸವಲ್ಲ ಅದು. ಬೆರಳು ಸಾಕು. ನನಗೆ ಹಿಡಿಸಿತು. ಮಳೆಗಾಲ ಮುಗಿಯುವಷ್ಟರಲ್ಲಿ ಹೆಮ್ಮಿಂಗು, ಬಟ್ಟೆಯ ಒಳಮೈಗೆ ಅಸ್ತರ್ ಕೂಡಿಸುವುದು ಬಂತು. ಚಳಿ ಬಿದ್ದಾಗ ಹಳೆಯ ಗಿರಾಕಿಯೊಬ್ಬರು ತಮ್ಮ ಕೋಟಿನ ಅಸ್ತರ್ ಬದಲಿಸಲು ತಂದರು. ಮಾವನವರು ಬೇಡವೆನ್ನುವ ಮೊದಲೇ ನಾನು ಕೈಚಾಚಿ ತೆಗೆದುಕೊಂಡೆ. ಅಂದು ಅವರು ಮೊದಲ ಸಲ ನನ್ನ ಮುಂದೆ ಒಂದು ಕೋಟನ್ನು ಪೂರಾ ಬಿಚ್ಚಿದರು. ಹೊರಗೆ ಅಷ್ಟು ನುಣುಪಾಗಿ ಕಾಣುವ ಕೋಟಿನ ಒಳಗೆ ಕ್ಯಾನ್ವಾಸು, ಹತ್ತಿ, ಸೆಣಬು, ಒರಟು ದಾರದ ಗಂಟುಗಳು. ಹರಕು ಮುರುಕೆಲ್ಲ ಒಳಗೆ.

ಬಿಚ್ಚುತ್ತಾ ಅವರು ಮಾತಾಡತೊಡಗಿದರು. ಮಗ ಹೋದ ಮೇಲೆ ಅಷ್ಟು ಮಾತಾಡಿದ್ದು ಅದೇ ಮೊದಲು ಎಂದು ಅತ್ತೆ ಆಮೇಲೆ ಹೇಳಿದರು.

"ಈ ಬೆನ್ನಿನ ಸೀಳು ಯಾತಕ್ಕ ಹೇಳು?"

"ಚಂದ ಕಾಣ್ಲಿ ಅಂತ."

"ಅಲ್ಲ. ಕುದುರಿಗಿ. ಕೋಟ ಹಾಕೊಂಡು ಕುದುರಿ ಹತ್ತಿದ್ರ ಹಿಂದಿನ ಭಾಗ ಗುಬ್ಬಾಗಿ ಮ್ಯಾಲೇಳ್ತದ. ಸೀಳಿದ್ರ ಆ ಕಡಿ ಈ ಕಡಿ ಇಳಿಬೀಳ್ತದ."

"ಈಗ ಕುದುರಿ ಎಲ್ಲಿ ಅವ ಮಾವ?"

"ಸ್ಕೂಟರ್ ಅವಲ್ಲ," ಎಂದು ಅವರು ತುಟಿಯ ಒಂದು ಅಂಚಿನಲ್ಲಿ ನಕ್ಕರು.

ಶೇರ್ವಾನಿಯ ಕಥೆಯನ್ನೂ ಅವರೇ ಹೇಳಿದ್ದು. ನಮ್ಮ ಜನ ತೊಡುತ್ತಿದ್ದ ಉದ್ದ ಅಂಗರಖಾಕ್ಕೆ ಇಂಗ್ಲಿಷರ ಉದ್ದ ಕೋಟಿನ ಕಟ್ಟು ಕೂಡಿ ಶೇರ್ವಾನಿಯಾಯಿತು, ಅದನ್ನೇ ಸೊಂಟದ ಕೆಳಗೆ ಮೊಟಕು ಮಾಡಿದರೆ ಕುತ್ತಿಗೆ ಮುಚ್ಚುವ ಬಂದ್ ಗಲಾ ಕೋಟಾಯಿತು ಎನ್ನುವುದು ಅವರ ಲೆಕ್ಕ. ಪುಸ್ತಕದಲ್ಲಿ ಹಾಗೇ ಇದೆಯೋ ಏನೋ. ಅವರು ಅದನ್ನು ಕಲಿತದ್ದು ತಮ್ಮ ಅಪ್ಪನಿಂದ. ನಿಜಾಮನ ಕಾಲದಲ್ಲಿ ಅವರ ಅಪ್ಪ ಕಲ್ಯಾಣದ ಕಚೇರಿಯವರಿಗೆಲ್ಲ ಶೇರ್ವಾನಿ ಹೊಲಿಯುತ್ತಿದ್ದರಂತೆ. ಕಚೇರಿಗೆ ಹೋಗುವವರು ಯಾವ ಜಾತಿಯವರಾದರೂ ಶೇರ್ವಾನಿಯೇ. ನಿಜಾಮನ ರಾಜ್ಯ ಹೋದ ಮೇಲೆ ಅದೇ ಜನ ಅದೇ ಶೇರ್ವಾನಿಗಳನ್ನು ಬಗಲಲ್ಲಿ ಸುತ್ತಿಕೊಂಡು ಬಂದರಂತೆ.

"ಮಣಕಾಲಿನ ತನಕ ಇದ್ದದ್ದು ಕತ್ತರಿಸಿ ಕೋಟ ಮಾಡಿಕೊಡು ಅಂತ. ಕೆಲವರು ಅಂಜಿ ತಂದ್ರು. ಕೆಲವರು ಹೊಸಾ ಹವಾ ಅಂತ ಖುಷಿಲೆ ತಂದ್ರು. ನಮ್ಮಪ್ಪ ಯಾರಿಗೂ ಏನೂ ಕೇಳಲಿಲ್ಲ. ಕತ್ತರಿಸಿದ. ಉಳಿದ ತುಂಡಿನಾಗ ನಮಗೆಲ್ಲ ಟೊಪ್ಪಿಗಿ ಹೊಲದ. ಆ ಥಂಡಿಯಾಗ ಓಣ್ಯಾಗಿನ ಎಲ್ಲಾ ಹುಡುಗರ ತಲಿ ಮ್ಯಾಲ ಶೇರ್ವಾನಿನೇ ಇತ್ತು ನೋಡು."

ಹೀಗೆ ಕೇಳುತ್ತಾ ಕೇಳುತ್ತಾ ನಾನು ಕೋಟಿನ ಕೆಲಸ ಕಲಿತೆ. ಸಂತೋಷದಿಂದ ಕಲಿತೆ ಎಂದರೆ ಸುಳ್ಳಾಗುತ್ತದೆ. ಕೈಗೆ ಕೆಲಸ ಸಿಕ್ಕಿತು. ಮಗಳು ಹುಟ್ಟಿದಳು. ಅವಳನ್ನು ತೊಟ್ಟಿಲಿಗೆ ಹಾಕಿ ಕಾಲಿನಿಂದ ತೂಗುತ್ತಾ ಕಾಲರಿಗೆ ಟಾಕೆ ಹಾಕುತ್ತಿದ್ದೆ. ಮಗುವನ್ನು ಮುದ್ದು ಮಾಡುವಾಗಲೂ ನಡುವೆ ಒಂದು ಅಸ್ತರ್ ಇದ್ದಂತೆ ಅನಿಸುತ್ತಿತ್ತು.

ನೀಲಿ ಕೋಟಿನ ಒಂದು ರೂಢಿ ಆ ಮನೆಯಲ್ಲಿ ಬೆಳೆದಿತ್ತು. ಹಬ್ಬ ಬಂದರೆ, ನಂಟರ ಮದುವೆ ಇದ್ದರೆ ಅತ್ತೆ ಅದನ್ನು ಪೆಟ್ಟಿಗೆಯಿಂದ ತೆಗೆದು ನನ್ನ ಗಂಡನ ಕೈಗೆ ಕೊಡುತ್ತಿದ್ದರು. ಅವನು ತೊಟ್ಟು, ಅಂಗಳದಲ್ಲಿ ಅತ್ತ ಮುಖ ಮಾಡಿ ನಿಲ್ಲುತ್ತಿದ್ದ. ಅತ್ತೆ ಹೊಸ್ತಿಲಲ್ಲಿ ಕೂತು ಬೆನ್ನನ್ನು ನೋಡುತ್ತಿದ್ದರು. ಹಿಂದಿನಿಂದ ನೋಡಿದರೆ ಅಣ್ಣನಂತೆಯೇ ಕಾಣುತ್ತಾನೆ ಎಂಬುದನ್ನು ಅವರು ಒಮ್ಮೆ ಮಾತ್ರ ಹೇಳಿದ್ದರು. ಆಮೇಲೆ ಹೇಳುವ ಅಗತ್ಯವಿರಲಿಲ್ಲ. ಅವನು ಕೈ ಎತ್ತದೆ, ಉಸಿರು ಬಿಗಿಹಿಡಿದು ನಿಂತಿರುತ್ತಿದ್ದ.

ಮಗಳು ನಡೆಯಲು ಕಲಿತ ವರ್ಷದ ಯುಗಾದಿ. ಅತ್ತೆ ಕೋಟು ತಂದರು. ಅವನು ಕೈಚಾಚಲಿಲ್ಲ.

"ಅವ್ವಾ, ಇನ್ನ ಸಾಕು."

ಅತ್ತೆ ಅವನ ಮುಖ ನೋಡಿದರು. "ಯಾಕಪ್ಪಾ?"

"ನಾ ಅವ ಅಲ್ಲ. ನನ್ನ ಮಾರಿ ನೋಡಬೇ ಒಮ್ಮಿ."

ಅಂಗಳದಲ್ಲಿ ಬೇವಿನ ಎಲೆ ಬಿಡಿಸುತ್ತಿದ್ದ ನಾನು ಹಾಗೇ ಕೂತೆ. ಮಾವನವರು ಅಂಗಡಿಯ ಬಾಗಿಲಿಗೆ ಬಂದವರು ಅಲ್ಲೇ ನಿಂತರು. ಅತ್ತೆ ಕೋಟನ್ನು ತೋಳು ಒಳಗೆ ಮಾಡಿ ಮಡಚಿದರು, ಪೆಟ್ಟಿಗೆಯಲ್ಲಿಟ್ಟರು. ಹೊರಗೆ ಬಂದು ಬೇವುಬೆಲ್ಲದ ಬಟ್ಟಲನ್ನು ಮೊದಲು ಅವನಿಗೇ ಕೊಟ್ಟರು. ಕೊಡುವಾಗ ಅವನ ಗಲ್ಲವನ್ನು ಒಮ್ಮೆ ಹಿಡಿದರು. ಅದರ ನಂತರ ಆ ಕೋಟು ಹೊರಗೆ ಬರಲಿಲ್ಲ.

ಅಂದು ಮಧ್ಯಾಹ್ನ ಉಂಡು ಎಲ್ಲರೂ ಮಲಗಿದ್ದಾಗ ಅವನು ಹಿತ್ತಲ ಕಟ್ಟೆಯ ಮೇಲೆ ಒಬ್ಬನೇ ಕೂತಿದ್ದ. ಹೋಗಿ ಪಕ್ಕದಲ್ಲಿ ಕೂತೆ. ಮದುವೆಯಾಗಿ ಅಷ್ಟು ವರ್ಷವಾದರೂ ಕೇಳದೇ ಇದ್ದ ಮಾತನ್ನು ಕೇಳಿದೆ.

"ನಿಮ್ಮಣ್ಣ ಹ್ಯಾಂಗಿದ್ರು?"

ಅವನು ನನ್ನ ಕಡೆ ತಿರುಗಿದ. "ನಿನಗ ಗೊತ್ತಿಲ್ಲೇನು?"

"ಎರಡ ಸಲ ನೋಡೀನಿ. ಒಂದ ಸಲ ಮಾತಾಡೀನಿ. ಅಷ್ಟೇ."

ಅವನು ಬೆರಗಾದದ್ದು ಕಾಣಿಸಿತು. ನಾನು ಇಷ್ಟು ವರ್ಷ ಅಣ್ಣನ ನೆನಪಿನಲ್ಲಿ ಕಲ್ಲಾಗಿದ್ದೇನೆ ಎಂದು ಅವನು ತಿಳಿದುಕೊಂಡಿದ್ದ. ನಾನು ಅವನ ಮೌನವನ್ನು ಬಲವಂತಕ್ಕೆ ಕಟ್ಟಿಕೊಂಡ ಹೆಂಡತಿಯ ಮೇಲಿನ ಬೇಸರ ಎಂದುಕೊಂಡಿದ್ದೆ.

ಆಮೇಲೆ ಅವನು ಹೇಳಿದ. ಅಣ್ಣನಿಗೆ ಬಾವಿಯ ನೀರೆಂದರೆ ಭಯ. ಬಿಸಿ ರೊಟ್ಟಿ ತಪ್ಪಿ ಆರಿದ ರೊಟ್ಟಿ ಬಡಿಸಿದರೆ ಊಟ ಬಿಟ್ಟು ಏಳುತ್ತಿದ್ದ. ಇಸ್ತ್ರಿ ಹಾಕುವಾಗ ಸಿಳ್ಳೆ ಹೊಡೆಯುತ್ತಿದ್ದ. ಕ್ರಿಕೆಟ್ ಇದ್ದ ದಿನ ರೇಡಿಯೋದ ಪಕ್ಕ ಕೂತು ತಪ್ಪು ಹೊಲಿದು ಅಪ್ಪನಿಂದ ಬೈಸಿಕೊಳ್ಳುತ್ತಿದ್ದ. "ವೆಲ್ಡಿಂಗ್ ಕಿಡಿ ಬಿದ್ದು ನನ್ನ ಅಂಗಿ ಜಾಳಿಗಿ ಆಗ್ತಿತ್ತು. ಬೈಕೋತ ಬೈಕೋತ ರಫೂ ಮಾಡ್ತಿದ್ದ. ತೂತ ಎಲ್ಲಿತ್ತಂತ ಹುಡುಕಿದ್ರೂ ಸಿಗ್ತಿದ್ದಿಲ್ಲ." ಅಷ್ಟು ಹೇಳಿ ಅವನು ಮುಖ ಮುಚ್ಚಿಕೊಂಡು ಅತ್ತ. ಅಣ್ಣ ಸತ್ತಾಗ ಬಿದಿರು ಕಟ್ಟುವುದು, ಕಟ್ಟಿಗೆ ತರುವುದು ಎಲ್ಲ ಅವನ ಪಾಲಿಗೇ ಬಂದಿತ್ತಂತೆ. ಅಳಲು ಬಿಡುವಿರಲಿಲ್ಲ.

ನನಗೆ ಆಗಲೂ ಅಳು ಬರಲಿಲ್ಲ. ಅವನ ಬೆನ್ನ ಮೇಲೆ ಕೈ ಇಟ್ಟೆ, ಅಗಲವಾದ ಬೆಚ್ಚಗಿನ ಬೆನ್ನು. ಇದು ಇವನ ಬೆನ್ನು ಎಂದುಕೊಂಡೆ. ಮರುದಿನದಿಂದ ಅವನ ಅಂಗಿಗಳನ್ನು ನಾನು ರಫೂ ಮಾಡತೊಡಗಿದೆ. ನನ್ನ ರಫೂ ಕಾಣುತ್ತದೆ. ಅವನು ಹಾಗೇ ತೊಟ್ಟು ಹೋಗುತ್ತಾನೆ.

ಎರಡು ಸಾವಿರದ ಇಸವಿ ದಾಟಿದ ಮೇಲೆ ಮಾವನವರ ಕೈ ನಡುಗತೊಡಗಿತು. ಕತ್ತರಿ ನನ್ನ ಕೈಗೆ ಬಂತು. ಅದೇ ಹೊತ್ತಿಗೆ ರೆಡಿಮೇಡ್ ಕೋಟುಗಳೂ ಬಂದವು. ಮದುವೆಗೆ ಬಾಡಿಗೆಗೆ ಕೊಡುವ ಅಂಗಡಿ ನಮ್ಮ ಬೀದಿಯಲ್ಲೇ ಆಯಿತು. ಇನ್ನೂ ಹೊಲಿಸುವ ಹಟವಿದ್ದ ಕೆಲವರು ಬರುತ್ತಿದ್ದರು. ಬಾಗಿಲಲ್ಲಿ ನನ್ನನ್ನು ಕಂಡು, "ಮಾಸ್ತರ್ ಇಲ್ಲೇನ್ರಿ?" ಎಂದು ಕೇಳಿ ಹಿಂದೆ ಸರಿಯುತ್ತಿದ್ದರು. ಹೆಂಗಸು ಗಂಡಸರ ಎದೆಗೆ ಟೇಪು ಹಿಡಿಯುವುದುಂಟೇ? ಕೊನೆಗೆ ನನ್ನ ಗಂಡ ಸಂಜೆ ಕಾರ್ಖಾನೆಯಿಂದ ಬಂದು ಅಳತೆ ತೆಗೆಯುವುದೆಂದಾಯಿತು. ಅವನು ಟೇಪು ಹಿಡಿದು ಕೂಗುತ್ತಿದ್ದ, ನಾನು ಒಳಗಿನಿಂದ ಬರೆದುಕೊಳ್ಳುತ್ತಿದ್ದೆ. ಕೆಲವು ಸಲ ಅವನು ತಪ್ಪು ಹಿಡಿಯುತ್ತಿದ್ದ, ಗಿರಾಕಿಗಳು ಬೇಸರಪಡುತ್ತಿದ್ದರು. ಕೋಟಿನ ಕೆಲಸ ಇನ್ನೇನು ನಿಂತೇ ಹೋಯಿತು ಎನ್ನುವಷ್ಟಕ್ಕೆ ಬಂದಿತ್ತು.

ಹಾಗಿರುವಾಗ ಹುಮನಾಬಾದಿನ ಕೋರ್ಟಿನಲ್ಲಿ ಹೊಸದಾಗಿ ವಕೀಲಿಕೆ ಶುರು ಮಾಡಿದ್ದ ಒಬ್ಬ ಹುಡುಗಿ ತನ್ನ ತಾಯಿಯ ಜೊತೆ ಬಂದಳು. ಚಿಟಗುಪ್ಪದವಳು. ಅಲ್ಲಿ ಇಲ್ಲಿ ಗಂಡಸರ ಕಪ್ಪು ಕೋಟನ್ನೇ ಸಣ್ಣ ಅಳತೆಯಲ್ಲಿ ಹೊಲಿಸಿ ನೋಡಿದ್ದಳಂತೆ. ಎದೆಯ ಬಳಿ ಬಿಗಿ, ಭುಜದ ಬಳಿ ಜೋತು.

"ಅಳತಿ ಕೊಡಾಕೇ ಮುಜುಗರ ಆಗ್ತದ ಅಕ್ಕಾ," ಎಂದಳು. "ಕಲ್ಯಾಣದಾಗ ಒಬ್ಬರು ಹೆಣಮಕ್ಕಳೇ ಕೋಟ ಹೊಲಿತಾರ ಅಂತ ಯಾರೋ ಹೇಳಿದ್ರು."

ಒಳಗೆ ಕರೆದು, ಬಾಗಿಲು ಹಾಕಿ, ನಿಧಾನ ಅಳತೆ ತೆಗೆದೆ. ಹೆಂಗಸರ ಕೋಟನ್ನು ನಾನು ಅದುವರೆಗೆ ಕತ್ತರಿಸಿರಲಿಲ್ಲ. ಅಳತೆ ಮುಗಿಸಿ ಹೊರಗೆ ಬಂದಾಗ ಮಾವನವರು ಮಂಚದ ಮೇಲೆ ಒರಗಿಕೊಂಡೇ ಹೇಳಿದರು. "ಗುಂಡಿ ಎಡಕ್ಕ ಬರ್ಲಿ. ಹೆಂಗಸರದು ಉಲ್ಟಾ. ದೊಡ್ಡ ಮನಿ ಹೆಂಗಸರಿಗಿ ಆಳು ಎದುರು ನಿಂತು ಗುಂಡಿ ಹಾಕ್ತಿದ್ರಂತ, ಅದಕ್ಕ."

"ನನಗ ಯಾರೂ ಆಳಿಲ್ಲ ಮುತ್ಯಾ," ಎಂದಳು ಹುಡುಗಿ. "ನಾನೇ ಹಾಕೊಳ್ಳಾಕಿ. ಬಲಕ್ಕೇ ಇರ್ಲಿ."

ಮಾವನವರು ನನ್ನ ಕಡೆ ನೋಡಿದರು. ನಾನು ಹುಡುಗಿಯ ಕಡೆ ನೋಡಿದೆ. ಬಲಕ್ಕೇ ಇಟ್ಟೆ.

ಎರಡು ಸಲ ಟ್ರಯಲ್ ನೋಡಿದ ಮೇಲೆ ಕೋಟು ಕೂತಿತು. ಅವಳು ಕನ್ನಡಿಯ ಮುಂದೆ ತಿರುಗಿ, ಬಗ್ಗಿ, ಫೈಲು ಹಿಡಿದಂತೆ ಕೈ ಮಡಚಿ ನೋಡಿಕೊಂಡಳು. ತೆಗೆಯದೆ ಅದನ್ನೇ ತೊಟ್ಟು ಹುಮನಾಬಾದಿನ ಬಸ್ಸು ಹಿಡಿಯಲು ಹೊರಟಳು. ತಾಯಿ ಹಿಂದೆ ಓಡುತ್ತಾ, "ಧೂಳ ಆಗ್ತದ, ತೆಗಿಯೇ," ಎನ್ನುತ್ತಿದ್ದಳು. ಆ ಚಳಿಗಾಲ ಮುಗಿಯುವ ಮುಂಚೆ ಅವಳ ಗೆಳತಿಯರು ಬಂದರು. ಆಮೇಲೆ ಬೀದರಿನಿಂದಲೂ ಬರತೊಡಗಿದರು. ಮಷೀನಿನ ಮೇಲಿನ ಪಂಚೆಯನ್ನು ಅತ್ತೆಯೇ ತೆಗೆದು, ಒಗೆದು ಹಾಕಿದರು. ಒಂದರ ಮೇಲೆ ನಾನು, ಇನ್ನೊಂದರ ಮೇಲೆ ಕೆಲಸಕ್ಕೆ ಬರುವ ಹೆಂಗಸು.

ಆಗ ನಿಮಗೆ ಹೇಗನಿಸಿತು ಎಂದು ಈಗ ಕೆಲವರು ಕೇಳುತ್ತಾರೆ. ಏನೋ ದೊಡ್ಡದನ್ನು ಹೇಳಬೇಕೆಂದು ಕಾಯುತ್ತಾರೆ. ಅಂದು ಆ ಹುಡುಗಿ ಬೀದಿಯ ತಿರುವಿನಲ್ಲಿ ಮರೆಯಾದ ಮೇಲೆ ನಾನು ನೆಲದ ಮೇಲಿದ್ದ ಕಪ್ಪು ತುಂಡುಗಳನ್ನು ಗುಡಿಸಿದೆ. ಮಾವನವರು, "ಭುಜ ಬರೋಬರ್ ಕೂತದ," ಎಂದರು. ಹೌದ್ರಿ ಎಂದೆ. ಹಸಿವಾಗಿತ್ತು. ಬಹಳ ಕಾಲದ ಮೇಲೆ ನಿಜವಾದ ಹಸಿವು. ಒಳಗೆ ಹೋಗಿ ಎರಡು ರೊಟ್ಟಿ ತಿಂದು, ಮೂರನೆಯದಕ್ಕೂ ಹಿಟ್ಟು ತಟ್ಟಿದೆ.